ನೆರೆ, ಗುಡ್ಡ ಕುಸಿತದ ಅಪಾಯ ನಕ್ಷೆ ಮಾಡುವುದು ಹೇಗೆ: ಮಂಗಳೂರು–ಉಡುಪಿಯವರಿಗೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

ಮಳೆಗಾಲ ಹತ್ತಿರ ಬರುವಾಗ ಕಾಲೇಜು ವಿದ್ಯಾರ್ಥಿಗಳು, ಪಂಚಾಯತ್ ಸದಸ್ಯರು, ಯುವಕ ಮಂಡಲದವರು ತಮ್ಮ ಊರಿನ ಅಪಾಯ ನಕ್ಷೆ ಮಾಡಲು ಕೂರುತ್ತಾರೆ. ಹೆಚ್ಚಿನವರು ಎತ್ತರದ ಫೈಲ್ (ಯಾವ ಜಾಗ ಎಷ್ಟು ಎತ್ತರದಲ್ಲಿದೆ ಎಂದು ಹೇಳುವ ಫೈಲ್) ಡೌನ್‌ಲೋಡ್ ಮಾಡುತ್ತಾರೆ. ತಗ್ಗಿಗೆ ಕೆಂಪು, ಎತ್ತರಕ್ಕೆ ಹಸಿರು ಬಣ್ಣ ಕೊಟ್ಟು ಪ್ರಿಂಟ್ ತೆಗೆಯುತ್ತಾರೆ. ನೋಡಿದರೆ ಪ್ರತಿವರ್ಷ ನೀರು ನುಗ್ಗುವ ಮನೆ ಹಸಿರಿನಲ್ಲಿರುತ್ತದೆ. ಯಾವತ್ತೂ ನೀರು ನಿಲ್ಲದ ಮೈದಾನ ಕೆಂಪಿನಲ್ಲಿರುತ್ತದೆ. ಊರಿನವರು ಒಮ್ಮೆ ನೋಡಿ ನಕ್ಷೆಯನ್ನು ಮಡಚಿಡುತ್ತಾರೆ.

ಇಲ್ಲಿ ಸಾಫ್ಟ್‌ವೇರ್‌ನ ತಪ್ಪಿಲ್ಲ, ಕೆಲಸದ ಕ್ರಮ ತಪ್ಪಿದೆ. ಎಲ್ಲಿ ಏನಾಗಿದೆ ಎಂದು ಊರಿನಲ್ಲಿ ಓಡಾಡಿ ಮೊದಲು ಗುರುತು ಮಾಡಿಕೊಳ್ಳಬೇಕು. ಲೆಕ್ಕ ಅದರ ನಂತರ. ಹಾಗಾಗಿ ಕೆಳಗಿನ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

## ಬೇಕಾಗುವ ಸಾಮಾನು

8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಸಾಕು. ಅದರಲ್ಲಿ ನಕ್ಷೆ ಮಾಡುವ ಸಾಫ್ಟ್‌ವೇರ್ ಕ್ಯೂಜಿಐಎಸ್ ಹಾಕಿಕೊಳ್ಳಿ. ಇದು ಉಚಿತ. ಹೊಸ ಆವೃತ್ತಿಗಿಂತ ದೀರ್ಘಾವಧಿ ಬೆಂಬಲವಿರುವ ಆವೃತ್ತಿಯೇ ಒಳ್ಳೆಯದು, ಪ್ಲಗಿನ್‌ಗಳು ಅದರಲ್ಲಿ ತೊಂದರೆ ಕೊಡುವುದು ಕಡಿಮೆ. ನೀರಿನ ಹರಿವಿನ ಲೆಕ್ಕಕ್ಕೆ ವೈಟ್‌ಬಾಕ್ಸ್ ಪ್ಲಗಿನ್ ಕೂಡ ಬೇಕು. ಜಾಗ ಗುರುತಿಸಲು ಫೋನಿಗೆ ಕ್ಯೂಫೀಲ್ಡ್ ಅಥವಾ ಎಸ್‌ಡಬ್ಲ್ಯೂ ಮ್ಯಾಪ್ಸ್ ಆ್ಯಪ್. ಜೊತೆಗೆ ಒಂದು ಅಳತೆ ಟೇಪು, ಒಂದು ನೋಟ್‌ಬುಕ್.

ಎತ್ತರದ ಫೈಲಿಗೆ ಓಪನ್‌ಟೊಪೊಗ್ರಫಿ, ಉಪಗ್ರಹ ಚಿತ್ರಕ್ಕೆ ಕೋಪರ್ನಿಕಸ್ ಡೇಟಾ ಸ್ಪೇಸ್ ಎಂಬ ಎರಡು ತಾಣಗಳಲ್ಲಿ ಖಾತೆ ತೆರೆಯಿರಿ. ಎರಡಕ್ಕೂ ದುಡ್ಡಿಲ್ಲ. ಭೂವಿಜ್ಞಾನದ ಮಾಹಿತಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ತಾಣದಲ್ಲಿ ಸಿಗುತ್ತದೆ. ಸರ್ವೆ ನಂಬರ್ ನೋಡಲು ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಇದೆ.

## ಹಂತ 1: ಯಾವ ಅಪಾಯ, ಎಷ್ಟು ಜಾಗ?

ನಮ್ಮ ಕರಾವಳಿಯಲ್ಲಿ ಮುಖ್ಯವಾಗಿ ನಾಲ್ಕು ಬಗೆಯ ಅಪಾಯಗಳಿವೆ. ಬಂಟ್ವಾಳದಲ್ಲಿ ನೇತ್ರಾವತಿ ಉಕ್ಕುವುದು ಹೊಳೆಯ ನೆರೆ. ಕೊಟ್ಟಾರ ಚೌಕಿಯಲ್ಲೋ ಉಡುಪಿಯ ಕಲ್ಸಂಕದಲ್ಲೋ ರಸ್ತೆ ಮುಳುಗಿದರೆ ಪತ್ರಿಕೆಗಳು ಬರೆಯುವ ಕೃತಕ ನೆರೆ. ಮೂರನೆಯದು ಗುಡ್ಡ ಮತ್ತು ಬರೆ (ಕಡಿದ ನೆಟ್ಟಗಿನ ಮಣ್ಣಿನ ಗೋಡೆ) ಕುಸಿತ. ನಾಲ್ಕನೆಯದು ಉಳ್ಳಾಲ, ಸೋಮೇಶ್ವರ, ಮರವಂತೆಯ ಕಡಲ್ಕೊರೆತ.

ನಾಲ್ಕಕ್ಕೂ ಬೇಕಾದ ಮಾಹಿತಿ ಬೇರೆ, ಮಾಡುವ ವಿಧಾನವೂ ಬೇರೆ. ಮೊದಲ ಸಲ ಮಾಡುವವರು ಒಂದನ್ನೇ ಹಿಡಿಯಿರಿ. ಜಾಸ್ತಿ ಎಂದರೆ ಎರಡು.

ಆಮೇಲೆ ಗಡಿ ಹಾಕಿಕೊಳ್ಳಿ. ನೀರಿಗೆ ಪಂಚಾಯತ್ ಗಡಿ ಗೊತ್ತಿಲ್ಲ ಅಲ್ವಾ? ನಿಮ್ಮ ವಾರ್ಡಿಗೆ ಬರುವ ತೋಡು ಎಲ್ಲಿ ಹುಟ್ಟುತ್ತದೋ ಅಲ್ಲಿಯವರೆಗಿನ ಜಾಗವೆಲ್ಲ ಫೈಲಿನಲ್ಲಿರಬೇಕು. ನಗರದ ಸಣ್ಣ ತೋಡಿಗೆ ಸುತ್ತಲಿನ ಗುಡ್ಡೆಗಳ ತಲೆಯವರೆಗೆ ಸಾಕಾಗುತ್ತದೆ. ನೇತ್ರಾವತಿ, ಸ್ವರ್ಣಾ, ಸೀತೆಯ ದಡದ ಊರಾದರೆ ಘಟ್ಟದ ತುದಿಯವರೆಗೆ ಬೇಕು. ಪಂಚಾಯತ್ ಗಡಿಗೆ ಸರಿಯಾಗಿ ಕತ್ತರಿಸಿದ ಫೈಲಿನಲ್ಲಿ ಹೊಳೆಯೇ ಸಣ್ಣ ತೋಡಿನ ಹಾಗೆ ಕಾಣುತ್ತದೆ. ಮೇಲಿನಿಂದ ಬರುವ ನೀರು ಲೆಕ್ಕಕ್ಕೇ ಸಿಕ್ಕಿರುವುದಿಲ್ಲ.

## ಹಂತ 2: ಆಗಿಹೋದದ್ದನ್ನು ಮೊದಲು ಗುರುತಿಸಿ

ಈ ಹಂತವನ್ನು ಬಿಟ್ಟವರ ನಕ್ಷೆ ಉಪಯೋಗಕ್ಕೆ ಬರುವುದಿಲ್ಲ. ಕಂಪ್ಯೂಟರ್ ಮುಂದೆ ಕೂರುವ ಮೊದಲು ಫೋನ್ ಹಿಡಿದು ನಡೆಯಿರಿ. ಹಳೆಯ ಅಂಗಡಿಯವರು, ಅಂಗನವಾಡಿ ಕಾರ್ಯಕರ್ತೆ, ಲೈನ್‌ಮ್ಯಾನ್, ದೋಣಿ ನಡೆಸುವವರು, ಗದ್ದೆ ಮಾಡುವವರನ್ನು ಮಾತಾಡಿಸಿ. ‘ಇಲ್ಲಿ ನೆರೆ ಬರುತ್ತದಾ?’ ಎಂದು ಕೇಳಿದರೆ ‘ಬರುತ್ತದೆ’ ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ನೀರು ಯಾವ ಮೆಟ್ಟಿಲಿನವರೆಗೆ ಬಂತು, ಯಾವ ದಿಕ್ಕಿನಿಂದ ಬಂತು, ಎಷ್ಟು ಹೊತ್ತು ನಿಂತಿತು, ಆಗ ಕಡಲಿನಲ್ಲಿ ಉಬ್ಬರ ಇತ್ತಾ ಎಂದು ಕೇಳಿ. ಗೋಡೆಯ ಗುರುತು ತೋರಿಸಿದರೆ ನೆಲದಿಂದ ಟೇಪಿನಲ್ಲಿ ಅಳೆದುಕೊಳ್ಳಿ.

ಎಲ್ಲರಿಗೂ ನೆನಪಿರುವ ಘಟನೆಗಳನ್ನು ಹಿಡಿದು ಕೇಳಿದರೆ ಉತ್ತರ ಗಟ್ಟಿಯಾಗಿ ಬರುತ್ತದೆ. ಬಂಟ್ವಾಳದ ಹಿರಿಯರು 1974ರ ನೆರೆಯನ್ನು ಇಂದಿಗೂ ಹೇಳುತ್ತಾರೆ. ಮಂಗಳೂರಿನವರಿಗೆ 2018ರ ಮೇ 29, ಉಡುಪಿಯವರಿಗೆ 2020ರ ಸೆಪ್ಟೆಂಬರ್ 20ರ ಮಳೆ ನೆನಪಿದೆ. ‘ಆ ದಿನ ನಿಮ್ಮ ಅಂಗಳದಲ್ಲಿ ಎಷ್ಟು ನೀರಿತ್ತು?’ ಎಂದು ಕೇಳಿದರೆ ಬೆರಳು ಮಾಡಿ ತೋರಿಸುತ್ತಾರೆ.

ಇಲ್ಲಿ ಎರಡು ಕೆಲಸ ತಪ್ಪಿಸಬೇಡಿ. ಒಂದು, ಏನೂ ಆಗದ ಜಾಗಗಳನ್ನೂ ಗುರುತಿಸಿ. ‘ಆ ದಿನವೂ ಇಲ್ಲಿ ನೀರು ಬಂದಿಲ್ಲ’ ಎನ್ನುವ ಬಿಂದು ಸಹ ಸಾಕ್ಷಿಯೇ. ಎರಡು, ಒಟ್ಟು ಬಿಂದುಗಳಲ್ಲಿ ಮೂರನೇ ಒಂದು ಪಾಲನ್ನು ಬೇರೆ ಫೈಲಿನಲ್ಲಿ ಎತ್ತಿಡಿ. ಕೊನೆಗೆ ಪರೀಕ್ಷೆ ಮಾಡುವ ತನಕ ಅದನ್ನು ತೆರೆಯಬೇಡಿ.

ಫೋನಿನ ಜಿಪಿಎಸ್ ಬಯಲಿನಲ್ಲಿ 3ರಿಂದ 5 ಮೀಟರ್ ಆಚೀಚೆ ತೋರಿಸುತ್ತದೆ. ಅಡಿಕೆ ತೋಟದ ಒಳಗೆ ತಪ್ಪು ಇನ್ನೂ ಜಾಸ್ತಿ. ಒಂದೆರಡು ನಿಮಿಷ ನಿಂತು, ಆ್ಯಪ್ ತೋರಿಸುವ ತಪ್ಪಿನ ಅಂದಾಜು (ಮೀಟರ್ ಲೆಕ್ಕ) ಕೆಳಗಿಳಿದ ಮೇಲೆ ಉಳಿಸಿ.

## ಹಂತ 3: ಎಲ್ಲ ಲೇಯರ್‌ಗಳಿಗೂ ಒಂದೇ ಅಳತೆ

ನಕ್ಷೆಯಲ್ಲಿ ಒಂದರ ಮೇಲೊಂದು ಹಾಕುವ ಪ್ರತಿ ಫೈಲೂ ಒಂದು ಲೇಯರ್. ಡೌನ್‌ಲೋಡ್ ಆಗುವ ಫೈಲುಗಳು ಸಾಮಾನ್ಯವಾಗಿ ಅಕ್ಷಾಂಶ, ರೇಖಾಂಶದ ಡಿಗ್ರಿಯಲ್ಲಿರುತ್ತವೆ. ಅವನ್ನು ಮೀಟರಿಗೆ ತರಬೇಕು. ನಮ್ಮ ಎರಡೂ ಜಿಲ್ಲೆಗಳಿಗೆ ಯುಟಿಎಂ ಎಂಬ ಮೀಟರ್ ಅಳತೆಯ 43 ಉತ್ತರ ವಲಯ ಸರಿ, ಸಾಫ್ಟ್‌ವೇರ್‌ನಲ್ಲಿ ಅದರ ಸಂಕೇತ ಇಪಿಎಸ್‌ಜಿ 32643. ಪ್ರಾಜೆಕ್ಟಿನ ಸೆಟ್ಟಿಂಗ್ ಬದಲಿಸಿದರೆ ಕೆಲಸ ಮುಗಿಯಿತು ಎಂದು ತುಂಬಾ ಜನ ತಿಳಿದಿದ್ದಾರೆ. ಅದರಿಂದ ಬದಲಾಗುವುದು ತೆರೆಯ ಮೇಲಿನ ನೋಟ ಮಾತ್ರ. ಪ್ರತಿ ಫೈಲನ್ನೂ ಹೊಸ ಅಳತೆಯಲ್ಲಿ ಬೇರೆಯಾಗಿ ಉಳಿಸಿಕೊಳ್ಳಬೇಕು. ಎತ್ತರದ ಫೈಲಿಗೆ ‘ವಾರ್ಪ್’ ಬಳಸಿ ‘ಬೈಲಿನಿಯರ್’ ಆರಿಸಿ. ಗದ್ದೆ, ತೋಟ, ಕಟ್ಟಡ ಎಂದು ವರ್ಗ ಮಾಡಿದ ಫೈಲಿಗೆ ‘ನಿಯರೆಸ್ಟ್ ನೇಬರ್’ ಆಗಬೇಕು.

ಎಚ್ಚರಿಕೆಯ ಲಕ್ಷಣ: ಇಳಿಜಾರು ಲೆಕ್ಕ ಹಾಕಿದಾಗ ಇಡೀ ತಾಲೂಕು 85–90 ಡಿಗ್ರಿ ಬಂದರೆ ಫೈಲ್ ಇನ್ನೂ ಡಿಗ್ರಿಯಲ್ಲೇ ಇದೆ. ನಿಮ್ಮ ಬಿಂದುಗಳು ನಾರ್ವೆಯ ಉತ್ತರದ ಕಡಲಿನಲ್ಲಿ ಬಿದ್ದಿದ್ದರೆ ಅಕ್ಷಾಂಶ, ರೇಖಾಂಶ ಅದಲುಬದಲಾಗಿವೆ. ಮಂಗಳೂರಿನ ಅಕ್ಷಾಂಶ ಸುಮಾರು 12.87, ರೇಖಾಂಶ 74.84. ಕ್ಯೂಜಿಐಎಸ್‌ನಲ್ಲಿ ಎಕ್ಸ್ ಕಾಲಂಗೆ 74 ಬರಬೇಕು.

## ಹಂತ 4: ಎತ್ತರದ ಫೈಲನ್ನು ಪೂರ್ತಿ ನಂಬಬೇಡಿ

ನಮ್ಮ ಕರಾವಳಿಯ ಮಟ್ಟಿಗೆ ಅತಿ ದೊಡ್ಡ ತಪ್ಪು ಇಲ್ಲಿ ಆಗುತ್ತದೆ. ಉಚಿತವಾಗಿ ಸಿಗುವ ಎಸ್‌ಆರ್‌ಟಿಎಂ ಎಂಬ ಎತ್ತರದ ಫೈಲ್ 2000ನೇ ಇಸವಿಯ ಫೆಬ್ರವರಿಯಲ್ಲಿ ಅಳೆದದ್ದು. ಆಮೇಲೆ ಎಷ್ಟು ಗುಡ್ಡ ಕಡಿದಿದ್ದಾರೆ, ಎಷ್ಟು ಗದ್ದೆ ತುಂಬಿಸಿದ್ದಾರೆ ಎಂದು ನಿಮಗೇ ಗೊತ್ತು. ಕೋಪರ್ನಿಕಸ್‌ನ 30 ಮೀಟರ್ ಫೈಲ್ (ನೆಲವನ್ನು 30 ಮೀಟರ್ ಚೌಕಗಳಾಗಿ ಮಾಡಿ ಪ್ರತಿ ಚೌಕಕ್ಕೆ ಒಂದು ಎತ್ತರ ಕೊಟ್ಟದ್ದು) ಇದಕ್ಕಿಂತ ಹೊಸದು, ಗುಣಮಟ್ಟವೂ ಉತ್ತಮ.

ಆದರೆ ಇವೆರಡೂ ಅಳೆಯುವುದು ಬರೀ ನೆಲವನ್ನಲ್ಲ, ಮೇಲಿನಿಂದ ಕಾಣುವ ಮೈಯನ್ನು. ತೆಂಗಿನ ತೋಟದಲ್ಲಿ ರಾಡಾರ್‌ಗೆ ಮೊದಲು ಸಿಗುವುದು ತೆಂಗಿನ ತಲೆ. ಹೂಡೆ, ಕೆಮ್ಮಣ್ಣು ಕಡೆ ಹೊಳೆಗೆ ತಾಗಿದ ತೋಟಗಳು ಹಲವು ಮೀಟರ್ ಎತ್ತರದಲ್ಲಿ ಇರುವಂತೆ ಕಾಣುತ್ತವೆ. ತೋಟದ ನಡುವಿನ ಮನೆಗಳು ನಕ್ಷೆಯಲ್ಲಿ ‘ಸುರಕ್ಷಿತ’ ಆಗುವುದು ಹೀಗೆ. ಕುದ್ರುಗಳ (ಹೊಳೆಯ ನಡುವಿನ ದ್ವೀಪಗಳ) ಗತಿಯೂ ಇದೇ. ಕಾಡು, ಕಟ್ಟಡ ಎರಡನ್ನೂ ತೆಗೆದು ತಿದ್ದಿದ ಫ್ಯಾಬ್‌ಡೆಮ್ ಎಂಬ ಫೈಲ್ ಇದೆ. ವ್ಯಾಪಾರಕ್ಕಲ್ಲದ ಬಳಕೆಗೆ ಉಚಿತ. ನೆರೆಯ ಕೆಲಸಕ್ಕೆ ನಾನು ಅದನ್ನೇ ಹೇಳುತ್ತೇನೆ.

‘12.5 ಮೀಟರ್’ ಎಂದು ಸಿಗುವ ಅಲೋಸ್ ಪಾಲ್ಸಾರ್ ಎತ್ತರದ ಫೈಲಿಗೆ ಮರುಳಾಗಬೇಡಿ. ನಮ್ಮ ಭಾಗದಲ್ಲಿ ಅದು ಎಸ್‌ಆರ್‌ಟಿಎಂ ಅನ್ನೇ ಸಣ್ಣ ಚೌಕಗಳಾಗಿ ಒಡೆದದ್ದು. ಚೌಕ ಸಣ್ಣದಾಯಿತು, ಮಾಹಿತಿ ಜಾಸ್ತಿ ಆಗಲಿಲ್ಲ.

ಒಂದು ಲೆಕ್ಕ ಮನಸ್ಸಿನಲ್ಲಿರಲಿ. 30 ಮೀಟರ್ ಫೈಲಿನ ಒಂದು ಚೌಕ ಎಂದರೆ 900 ಚದರ ಮೀಟರ್, ಸುಮಾರು 22 ಸೆಂಟ್ಸ್. ಇದರಿಂದ 5 ಸೆಂಟ್ಸ್ ಜಾಗದ ಮನೆಗೆ ‘ಅಪಾಯ ಇದೆ, ಇಲ್ಲ’ ಎಂದು ತೀರ್ಪು ಕೊಡಲು ಆಗದು. ಎತ್ತರದಲ್ಲೂ ಕೆಲವು ಮೀಟರ್ ಆಚೀಚೆ ಇರುತ್ತದೆ. ಹಾಗಿರುವಾಗ ಅರ್ಧ ಅರ್ಧ ಮೀಟರಿಗೆ ಬಣ್ಣ ಬದಲಿಸುವ ನಕ್ಷೆ ಚಂದ ಕಾಣುತ್ತದೆ, ಹೇಳುವುದು ಮಾತ್ರ ಸುಳ್ಳು.

ಪರೀಕ್ಷೆ ಸುಲಭ. ಹೊಳೆಯಿಂದ ರಸ್ತೆ ದಾಟಿ ಗುಡ್ಡೆಯವರೆಗೆ ಒಂದು ಗೆರೆ ಎಳೆದು ‘ಎಲಿವೇಶನ್ ಪ್ರೊಫೈಲ್’ ತೆರೆಯಿರಿ. ಸಮತಟ್ಟಾದ ಬೈಲಿನ ನಡುವೆ ದಿಬ್ಬ ಕಂಡರೆ ಉಪಗ್ರಹ ಚಿತ್ರದಲ್ಲಿ ಅದೇ ಜಾಗ ನೋಡಿ. ಅಲ್ಲಿ ತೋಟ ಇದ್ದರೆ ಅದು ಮರದ ಎತ್ತರ.

## ಹಂತ 5: ನೀರಿನ ದಾರಿ ಹುಡುಕಿ

ಈಗ ಲೆಕ್ಕ ಶುರು. ಹೆಚ್ಚಿನ ಪಾಠಗಳು ‘ಮೊದಲು ಗುಂಡಿಗಳನ್ನು ತುಂಬಿಸಿ’ ಎನ್ನುತ್ತವೆ, ಅಂದರೆ ನೀರಿನ ಹರಿವು ನಿಲ್ಲದಂತೆ ಎತ್ತರದ ಫೈಲಿನ ತಗ್ಗುಗಳನ್ನು ಮಟ್ಟ ಮಾಡುವುದು. ನಮ್ಮಲ್ಲಿ ಸ್ವಲ್ಪ ನಿಧಾನ ಮಾಡಿ. ಪದವುಗಳ (ಗುಡ್ಡದ ಮೇಲಿನ ಸಮತಟ್ಟು ಜಾಗಗಳ) ಮೇಲೆ ಕೆಂಪುಕಲ್ಲಿನ ಕೋರೆಗಳಿವೆ. ಅವು ಫೈಲಿನ ದೋಷವಲ್ಲ, ನಿಜವಾದ ಗುಂಡಿಗಳು. ಮಳೆಗಾಲದಲ್ಲಿ ತುಂಬಿ ನಿಲ್ಲುತ್ತವೆ, ಕೆಳಗಿನ ಗುಡ್ಡಕ್ಕೆ ನೀರು ಇಳಿಸುತ್ತವೆ. ತುಂಬಿಸುವ ಮೊದಲು ಅವನ್ನು ಬೇರೆ ಲೇಯರ್ ಆಗಿ ಗುರುತಿಸಿಟ್ಟುಕೊಳ್ಳಿ.

ಇನ್ನೊಂದು ತೊಂದರೆ ಹೆದ್ದಾರಿ 66ರ ಏರಿ. ಅದರ ಅಡಿಯ ಮೋರಿ, ಸೇತುವೆಗಳು ಎತ್ತರದ ಫೈಲಿಗೆ ಕಾಣುವುದಿಲ್ಲ. ಲೆಕ್ಕದಲ್ಲಿ ತೋಡು ರಸ್ತೆಗೆ ಬಡಿದು, ಅದರ ಪಕ್ಕದಲ್ಲೇ ಉದ್ದಕ್ಕೆ ಹರಿದು ಬೇರೆ ಹೊಳೆಗೆ ಸೇರುತ್ತದೆ. ಆದ್ದರಿಂದ ಪ್ರತಿ ಮೋರಿಯ ಜಾಗದಲ್ಲೂ ಏರಿಗೆ ಅಡ್ಡವಾಗಿ ಸಣ್ಣ ಗೆರೆ ಎಳೆಯಿರಿ. ಆ ಗೆರೆಯ ಚೌಕಗಳ ಎತ್ತರವನ್ನು ಕೆಲವು ಮೀಟರ್ ತಗ್ಗಿಸಿ. ಮೋರಿ ಕಸದಿಂದ ಕಟ್ಟಿಕೊಳ್ಳುವುದೇ ಕೃತಕ ನೆರೆಗೆ ದೊಡ್ಡ ಕಾರಣ. ಹಾಗಾಗಿ ತಗ್ಗಿಸಿ ಒಂದು ಸಲ, ತಗ್ಗಿಸದೆ ಒಂದು ಸಲ ಲೆಕ್ಕ ಮಾಡಿ ನೋಡಿ. ಎರಡರ ನಡುವಿನ ವ್ಯತ್ಯಾಸ ಎಲ್ಲಿ ಜಾಸ್ತಿಯೋ ಆ ಮೋರಿಯನ್ನು ಮೇ ತಿಂಗಳಲ್ಲೇ ಸ್ವಚ್ಛ ಮಾಡಿಸಬೇಕು. ನನ್ನ ಪ್ರಕಾರ ಪಂಚಾಯತಿಗೆ ಇಡೀ ನಕ್ಷೆಗಿಂತ ಈ ಒಂದು ಪಟ್ಟಿಯಿಂದ ಉಪಯೋಗ ಜಾಸ್ತಿ.

ನಂತರ ತೋಡುಗಳ ಗೆರೆ ತೆಗೆಯಲು, ಕ್ಯೂಜಿಐಎಸ್ ಒಳಗಿಂದಲೇ ಬಳಸಬಹುದಾದ ಗ್ರಾಸ್‌ನ ‘ಆರ್.ವಾಟರ್‌ಶೆಡ್’ ಓಡಿಸಿ. ಇದಕ್ಕೆ ಗುಂಡಿ ತುಂಬಿಸುವ ಅಗತ್ಯವೇ ಇಲ್ಲ. ಎಷ್ಟು ಚೌಕದ ನೀರು ಸೇರಿದರೆ ತೋಡು ಎನ್ನಬೇಕು ಎಂಬ ಮಿತಿಯನ್ನು 500 ಚೌಕ ಎಂದರೆ 45 ಹೆಕ್ಟೇರ್ ಆಯಿತು. ನಮ್ಮ ಸಣ್ಣ ತೋಡುಗಳು ಅದರಲ್ಲಿ ಬಿಟ್ಟುಹೋಗಬಹುದು. 200ರಿಂದ ಶುರು ಮಾಡಿ, ಬಂದ ಗೆರೆಗಳನ್ನು ಗ್ರಾಮ ನಕ್ಷೆಯ ತೋಡುಗಳ ಜೊತೆ ಹೋಲಿಸಿ.

ಕೊನೆಗೆ ವೈಟ್‌ಬಾಕ್ಸ್‌ನ ‘ಎಲಿವೇಶನ್ ಅಬೋವ್ ಸ್ಟ್ರೀಮ್’. ಪ್ರತಿ ಚೌಕವೂ ತನ್ನ ನೀರು ಸೇರುವ ತೋಡಿಗಿಂತ ಎಷ್ಟು ಮೀಟರ್ ಮೇಲಿದೆ ಎಂದು ಇದು ಹೇಳುತ್ತದೆ. ಇದಕ್ಕೆ ಮಾತ್ರ ನೀರಿನ ಹರಿವು ಎಲ್ಲೂ ನಿಲ್ಲದ ಫೈಲ್ ಬೇಕು, ಹಾಗಾಗಿ ಗುಂಡಿ ತುಂಬಿಸಿದ ಪ್ರತಿಯನ್ನೇ ಕೊಡಿ. ಸಮುದ್ರ ಮಟ್ಟದಿಂದ ಎತ್ತರಕ್ಕಿಂತ ನೆರೆಗೆ ಈ ಸಂಖ್ಯೆಯೇ ಮುಖ್ಯ. ಸಮುದ್ರದಿಂದ 60 ಮೀಟರ್ ಮೇಲಿರುವ ಬೈಲೂ ಮುಳುಗಬಹುದು. ಎಲ್ಲಿಗೆ ಕೆಂಪು, ಎಲ್ಲಿಗೆ ಹಳದಿ ಎಂದು ಪುಸ್ತಕ ನೋಡಿ ತೀರ್ಮಾನಿಸಬೇಡಿ. ಹಂತ 2ರ ಬಿಂದುಗಳನ್ನು ಮೇಲಿಟ್ಟು, ನೀರು ಬಂದ ಜಾಗಗಳಲ್ಲಿ ಯಾವ ಬೆಲೆ ಬರುತ್ತದೆ ನೋಡಿ, ಅದರಂತೆ ಮಿತಿ ಹಾಕಿ.

ಅಳಿವೆ ಹತ್ತಿರದ ಊರುಗಳಿಗೆ ಉಬ್ಬರವನ್ನೂ ಸೇರಿಸಿ. ಬೆಂಗ್ರೆ, ಕೋಡಿ ಬೆಂಗ್ರೆಯಂಥ ಕಡೆ ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರದ ಹೊತ್ತಿಗೆ ಭಾರಿ ಮಳೆ ಬಂದರೆ ಹೊಳೆಯ ನೀರಿಗೆ ಕಡಲು ದಾರಿ ಬಿಡುವುದಿಲ್ಲ. ಆದರೆ ಉಬ್ಬರದ ಪಟ್ಟಿಯ ಸೊನ್ನೆ ಮತ್ತು ಎತ್ತರದ ಫೈಲಿನ ಸೊನ್ನೆ ಒಂದೇ ಅಲ್ಲ. ಎರಡನ್ನೂ ನೇರವಾಗಿ ಕೂಡಿಸಬೇಡಿ.

## ಹಂತ 6: ಉಪಗ್ರಹದಲ್ಲಿ ನೆರೆ ಹುಡುಕುವಾಗ

ಮಳೆಗಾಲದಲ್ಲಿ ಸಾಮಾನ್ಯ ಉಪಗ್ರಹ ಚಿತ್ರದಲ್ಲಿ ಮೋಡವೇ ತುಂಬಿರುತ್ತದೆ. ಮೋಡ ದಾಟಿ ನೋಡುವ ಸೆಂಟಿನೆಲ್-1 ರಾಡಾರ್ ಚಿತ್ರ ಬಳಸಿ. ನಿಂತ ನೀರು ಅದರಲ್ಲಿ ಕಪ್ಪಾಗಿ ಕಾಣುತ್ತದೆ.

ಎಲ್ಲರೂ ಎಡವುವುದು ಹೋಲಿಕೆಯ ದಿನ ಆರಿಸುವಾಗ. ಏಪ್ರಿಲಿನ ಚಿತ್ರಕ್ಕೂ ಜುಲೈ ಚಿತ್ರಕ್ಕೂ ಹೋಲಿಸಿದರೆ ನಾಟಿಗೆ ನೀರು ಕಟ್ಟಿದ ಗದ್ದೆಗಳೆಲ್ಲ ‘ನೆರೆ’ ಆಗಿಬಿಡುತ್ತವೆ. ನೆರೆಯ ದಿನವನ್ನು ಅದೇ ತಿಂಗಳ, ನೆರೆಯಿಲ್ಲದ ದಿನದ ಜೊತೆ ಹೋಲಿಸಿ. ತೋಟದ ಅಡಿಯ ನೀರು, ಕಟ್ಟಡಗಳ ನಡುವಿನ ನೀರು ರಾಡಾರ್‌ಗೆ ಸರಿಯಾಗಿ ಸಿಗುವುದಿಲ್ಲ. ಗಂಟೆಗಳಲ್ಲಿ ಬಂದು ಇಳಿಯುವ ನಗರದ ನೆರೆ ಉಪಗ್ರಹ ಹಾದುಹೋಗುವ ಹೊತ್ತಿಗೆ ಮುಗಿದಿರುತ್ತದೆ. ಆದ್ದರಿಂದ ಚಿತ್ರದಲ್ಲಿ ಕಂಡರೆ ನೆರೆ ಬಂದಿದೆ ಎನ್ನಬಹುದು. ಕಾಣಲಿಲ್ಲ ಎಂದ ಮಾತ್ರಕ್ಕೆ ಬಂದಿಲ್ಲ ಎನ್ನಬೇಡಿ.

## ಹಂತ 7: ಗುಡ್ಡ ಮತ್ತು ಬರೆ

2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಜರಿದಂಥ ದೊಡ್ಡ ಇಳಿಜಾರುಗಳು ಇಳಿಜಾರಿನ ಲೆಕ್ಕದಲ್ಲಿ ಸಿಗುತ್ತವೆ. ಊರೊಳಗೆ ಜೀವ ತೆಗೆಯುವುದು ಹೆಚ್ಚಾಗಿ ಮನೆ ಹಿಂದಿನ ಗುಡ್ಡ, ಕಡಿದ ಬರೆ. 2020ರ ಜುಲೈಯಲ್ಲಿ ಗುರುಪುರದಲ್ಲಿ ಗುಡ್ಡ ಮನೆ ಮೇಲೆ ಜರಿದು ಇಬ್ಬರು ಮಕ್ಕಳು ತೀರಿಕೊಂಡರು.

ಇಂಥ ಜಾಗಗಳು 30 ಮೀಟರ್ ಫೈಲಿನಲ್ಲಿ ಕಾಣುವುದೇ ಇಲ್ಲ. 6 ಮೀಟರ್ ಎತ್ತರದ ನೆಟ್ಟಗಿನ ಬರೆ 30 ಮೀಟರ್ ಚೌಕದಲ್ಲಿ ಹರಡಿದರೆ ಹೆಚ್ಚೆಂದರೆ 11 ಡಿಗ್ರಿ ಇಳಿಜಾರು ತೋರಿಸುತ್ತದೆ. ನಕ್ಷೆ ಅದನ್ನು ‘ಸೌಮ್ಯ ಇಳಿಜಾರು’ ಎನ್ನುತ್ತದೆ. ಹಾಗಾಗಿ ಬರೆಗಳ ಲೇಯರನ್ನು ಕಾಲ್ನಡಿಗೆಯಲ್ಲೇ ಮಾಡಬೇಕು. ಬೇರೆ ದಾರಿ ಇಲ್ಲ.

ಪ್ರತಿ ಬರೆಯಲ್ಲೂ ಎತ್ತರ, ಮನೆಗೆ ಇರುವ ದೂರ, ಮೇಲೆ ಏನಿದೆ, ನೀರು ಹೋಗಲು ದಾರಿ ಇದೆಯಾ ಎಂದು ಬರೆದುಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ ಮಣ್ಣು ನೋಡಿ. ಮೇಲೆ ಗಟ್ಟಿ ಮುರಕಲ್ಲು (ಕೆಂಪುಕಲ್ಲು), ಅದರ ಕೆಳಗೆ ಬಿಳಿ, ಗುಲಾಬಿ, ಹಳದಿ ಬಣ್ಣದ ಶೇಡಿ ಮಣ್ಣು ಇದ್ದರೆ ಆ ಬರೆಗೆ ಕೆಂಪು ಗುರುತು ಹಾಕಿ. ಶೇಡಿ ಒಣಗಿದಾಗ ಕಲ್ಲಿನಂತೆ ನಿಲ್ಲುತ್ತದೆ, ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಕಡಿದಾಗ ‘ಎಷ್ಟು ಗಟ್ಟಿ ಇದೆ ನೋಡಿ’ ಎನ್ನುವುದು ಇದೇ ಮಣ್ಣಿನ ಬಗ್ಗೆ.

ಬರೆಯ ಎತ್ತರದ ಎರಡರಷ್ಟು ದೂರದೊಳಗಿನ ಮನೆಗಳನ್ನೆಲ್ಲ ಪಟ್ಟಿಗೆ ಸೇರಿಸಿ. ಇದು ನಾನು ಬಳಸುವ ಪ್ರಾಥಮಿಕ ಅಳತೆ. ಅಂತಿಮವಾಗಿ ಹೇಳಬೇಕಾದವರು ಭೂವಿಜ್ಞಾನಿಗಳು.

ನಡೆಯುವಾಗ ಗುಡ್ಡದ ತಲೆಯಲ್ಲಿ ಬಿರುಕು, ವಾಲಿದ ಮರ ಅಥವಾ ವಿದ್ಯುತ್ ಕಂಬ, ಹೊಸದಾಗಿ ಹುಟ್ಟಿದ ಒರತೆ, ಒರತೆಯಲ್ಲಿ ಕೆಸರು ನೀರು, ಉಬ್ಬಿದ ತಡೆಗೋಡೆ ಕಂಡರೆ ನಕ್ಷೆ ಮುಗಿಯುವವರೆಗೆ ಕಾಯಬೇಡಿ. ಅದೇ ದಿನ ಮನೆಯವರಿಗೆ ಹೇಳಿ, ಗ್ರಾಮ ಪಂಚಾಯತಿಗೆ ತಿಳಿಸಿ, ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಿ. ನೀವು ಮಾತ್ರ ಮಳೆ ಸುರಿಯುವಾಗ ಬರೆಯ ಬುಡದಲ್ಲಿ ನಿಂತು ಅಳೆಯಬೇಡಿ.

## ಹಂತ 8: ಕಡಲಂಚು ಇದ್ದವರಿಗೆ

ಸೆಂಟಿನೆಲ್-2 ಎಂಬ ಸಾಮಾನ್ಯ (ರಾಡಾರ್ ಅಲ್ಲದ) ಉಪಗ್ರಹದ ಬೇರೆ ಬೇರೆ ವರ್ಷದ ಚಿತ್ರಗಳಲ್ಲಿ ನೀರಿನ ಅಂಚನ್ನು ಗುರುತಿಸಿ ಹೋಲಿಸಬಹುದು. ಹೋಲಿಸುವುದಾದರೆ ಒಂದೇ ತಿಂಗಳ ಚಿತ್ರಗಳನ್ನೇ ಹೋಲಿಸಿ. ಮಳೆಗಾಲದಲ್ಲಿ ಕಡಲು ಮರಳನ್ನು ಎಳೆದುಕೊಳ್ಳುತ್ತದೆ, ಬೇಸಿಗೆಗೆ ಮುನ್ನ ಒಂದಷ್ಟನ್ನು ಮರಳಿ ತರುತ್ತದೆ. ಸೆಪ್ಟೆಂಬರ್ ಮತ್ತು ಮಾರ್ಚ್ ಚಿತ್ರ ಹೋಲಿಸಿದವರಿಗೆ ಎಲ್ಲ ಕಡೆ ಭಾರಿ ಕೊರೆತವೋ ಭಾರಿ ತುಂಬುವಿಕೆಯೋ ಕಾಣುತ್ತದೆ. ಚೌಕ 10 ಮೀಟರಿನದು, ಆದ್ದರಿಂದ 10 ಮೀಟರಿಗಿಂತ ಕಡಿಮೆ ಬದಲಾವಣೆಯನ್ನು ಹೇಳಲು ಹೋಗಬೇಡಿ.

## ಹಂತ 9: ಯಾರಿದ್ದಾರೆ, ಏನಿದೆ

ಇಲ್ಲಿಯವರೆಗೆ ಆದದ್ದು ಅಪಾಯ ಎಲ್ಲಿಂದ ಬರುತ್ತದೆ ಎನ್ನುವ ಲೆಕ್ಕ. ಅಲ್ಲಿ ಜನ ಇದ್ದರೆ ಮಾತ್ರ ಹಾನಿ. ಗೂಗಲ್ ಓಪನ್ ಬಿಲ್ಡಿಂಗ್ಸ್ ಅಥವಾ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಕಟ್ಟಡಗಳನ್ನು ತನ್ನಿ. ತೆಂಗಿನ ನೆರಳಿನ ಹಂಚಿನ ಮನೆ ಅದರಲ್ಲಿ ಬಿಟ್ಟುಹೋಗಿರಬಹುದು. ಕೈಯಾರೆ ಸೇರಿಸಿ. ಆಮೇಲೆ ಶಾಲೆ, ಅಂಗನವಾಡಿ, ಆರೋಗ್ಯ ಕೇಂದ್ರ, ಟ್ರಾನ್ಸ್‌ಫಾರ್ಮರ್, ಹಟ್ಟಿ, ಕುಡಿಯುವ ನೀರಿನ ಬಾವಿ. ನೆರೆಯಲ್ಲಿ ಬಾವಿ ಕೆಟ್ಟರೆ ನೀರು ಇಳಿದ ಮೇಲೂ ಕಷ್ಟ ಮುಗಿಯುವುದಿಲ್ಲ.

ಮಣ್ಣಿನ ಗೋಡೆಯ ಮನೆ, ಒಂಟಿ ವೃದ್ಧರು, ಹಾಸಿಗೆ ಹಿಡಿದವರು, ಒಂದೇ ಕಾಲುಸಂಕದ ದಾರಿ ಇರುವ ಮನೆ, ಇವನ್ನು ಬೇರೆ ಕಾಲಂನಲ್ಲಿ ಬರೆಯಿರಿ. ಈ ಕಾಲಂ ವಾಟ್ಸ್ಆ್ಯಪ್ ಗುಂಪಿಗೆ ಹೋಗಬಾರದು. ಯಾವ ಮನೆಯಲ್ಲಿ ಯಾರು ಒಬ್ಬರೇ ಇದ್ದಾರೆ ಎನ್ನುವುದು ಪಂಚಾಯತ್ ಮತ್ತು ಆಶಾ ಕಾರ್ಯಕರ್ತೆಯ ಹತ್ತಿರ ಮಾತ್ರ ಇರಲಿ.

## ಹಂತ 10: ಸೇರಿಸಿ, ಪರೀಕ್ಷಿಸಿ

ನೆರೆ ಮತ್ತು ಗುಡ್ಡ ಕುಸಿತ ಎರಡನ್ನೂ ಕೂಡಿಸಿ ಒಂದೇ ನಕ್ಷೆ ಮಾಡಬೇಡಿ. ನೆರೆ ಬಂದರೆ ಜನ ಮೇಲೆ ಹೋಗಬೇಕು, ಗುಡ್ಡ ಜರಿದರೆ ಅಲ್ಲಿಂದ ದೂರ ಹೋಗಬೇಕು. ಎರಡೂ ಸೇರಿದ ಕೆಂಪು ಬಣ್ಣ ಯಾರಿಗೂ ದಾರಿ ಹೇಳುವುದಿಲ್ಲ. ಹಿಮಾಲಯದ ಅಧ್ಯಯನದಲ್ಲಿ ಇಳಿಜಾರಿಗೆ ಕೊಟ್ಟ ಅಂಕಗಳನ್ನು ಸುಮ್ನೆ ತಂದು ಇಲ್ಲಿ ಹಾಕಬೇಡಿ. ಅಲ್ಲಿನ ಬಂಡೆ ಬೇರೆ, ನಮ್ಮ ಮುರಕಲ್ಲು ಬೇರೆ.

ಈಗ ಎತ್ತಿಟ್ಟ ಬಿಂದುಗಳನ್ನು ತೆರೆಯಿರಿ. ನೀರು ಬಂದ 20 ಜಾಗಗಳಲ್ಲಿ 15 ಕೆಂಪಿನಲ್ಲಿ ಬಿದ್ದವು ಎಂದುಕೊಳ್ಳಿ. ಚೆನ್ನಾಗಿದೆ ಎನ್ನುವ ಮೊದಲು ಒಟ್ಟು ಜಾಗದಲ್ಲಿ ಕೆಂಪು ಎಷ್ಟಿದೆ ನೋಡಿ. ಊರಿನ ಮುಕ್ಕಾಲು ಭಾಗ ಕೆಂಪಿದ್ದರೆ 20ರಲ್ಲಿ 15 ಬಿಂದುಗಳು ಹೇಗೆ ಎಸೆದರೂ ಕೆಂಪಿನಲ್ಲೇ ಬೀಳುತ್ತವೆ. ಕಾಲು ಭಾಗ ಮಾತ್ರ ಕೆಂಪಿದ್ದು 15 ಸಿಕ್ಕರೆ ನಕ್ಷೆ ಕೆಲಸ ಮಾಡುತ್ತಿದೆ. ತಪ್ಪಿದ 5 ಜಾಗಗಳಿಗೆ ಖುದ್ದು ಹೋಗಿ. ಅಲ್ಲಿ ಕಟ್ಟಿಹೋದ ಮೋರಿಯೋ, ತುಂಬಿಸಿದ ಗದ್ದೆಯೋ, ಹೊಸ ಕಾಂಪೌಂಡ್ ಗೋಡೆಯೋ ಸಿಗುತ್ತದೆ.

## ಹಂತ 11: ಪ್ರಿಂಟ್ ಮತ್ತು ಹಸ್ತಾಂತರ

ನಕ್ಷೆಯ ಮೇಲೆ ದೇವಸ್ಥಾನ, ಮಸೀದಿ, ಇಗರ್ಜಿ, ಶಾಲೆ, ಬಸ್ ಸ್ಟ್ಯಾಂಡ್ ಹೆಸರು ಕನ್ನಡದಲ್ಲಿ ದೊಡ್ಡದಾಗಿರಲಿ. ಇಲ್ಲದಿದ್ದರೆ ಊರಿನವರಿಗೆ ತಮ್ಮ ಮನೆ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಮಾಡಿದ ತಿಂಗಳು, ಎತ್ತರದ ಫೈಲಿನ ಹೆಸರು, ‘ಒಂದೊಂದು ಜಾಗದ ತೀರ್ಮಾನಕ್ಕೆ ಬಳಸಬಾರದು’ ಎನ್ನುವ ಸಾಲು, ಈ ಮೂರೂ ಕಡ್ಡಾಯ. ಕೊನೆಯ ಸಾಲು ಇಲ್ಲದ ನಕ್ಷೆಯನ್ನು ಜಾಗದ ದರ ಇಳಿಸಲು ಬಳಸುವವರಿದ್ದಾರೆ.

ದೊಡ್ಡ ಪ್ರತಿಯನ್ನು ಗ್ರಾಮಸಭೆಯಲ್ಲಿ ಹಾಸಿ, ಸ್ಕೆಚ್ ಪೆನ್ ಕೊಡಿ. ಜನ ತಿದ್ದಿದ್ದನ್ನು ಲೇಯರಿಗೆ ಸೇರಿಸಿದ ಮೇಲೆ ಪಂಚಾಯತ್, ತಹಶೀಲ್ದಾರರ ಕಚೇರಿ, ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಒಂದೊಂದು ಪ್ರತಿ ಕೊಡಿ. ಜೊತೆಗೆ ಮೋರಿಗಳ ಪಟ್ಟಿ, ಬರೆಗಳ ಪಟ್ಟಿ ಬೇರೆ ಹಾಳೆಯಲ್ಲಿರಲಿ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 204.5 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಅತ್ಯಂತ ಭಾರಿ ಮಳೆ. ಅಂಥ ಮುನ್ಸೂಚನೆ ಬಂದ ದಿನ ಯಾವ ಮನೆಗಳಿಗೆ ಮೊದಲು ಫೋನ್ ಮಾಡಬೇಕು ಎಂಬ ಕ್ರಮವನ್ನು ಆ ಹಾಳೆಯ ಹಿಂಬದಿಯಲ್ಲೇ ಬರೆಯಿರಿ. ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಲ್ಲಿ, ಆ ವರ್ಷ ನೀರು ಬಂದ ಮತ್ತು ಬರೆ ಜರಿದ ಹೊಸ ಬಿಂದುಗಳನ್ನು ಸೇರಿಸಿ ಹಂತ 10ರ ಪರೀಕ್ಷೆಯನ್ನು ಮತ್ತೆ ಮಾಡಿ.